ಗೋಧಿ ಬಿಟ್ಟು ಅರ್ಧ ಸರಿಹೋಯಿತು, ಇನ್ನರ್ಧ ಹಾಗೇ ಇದೆ. ಈಗ ಟೆಸ್ಟ್‌ಗೆ ಮತ್ತೆ ಗೋಧಿ ತಿನ್ನಬೇಕಂತೆ. ಏನು ಮಾಡಲಿ?

ಹೊಟ್ಟೆಕತೆ
ಊಟ ಆಗಿ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬುತ್ತದೆ. ಸಂಜೆಯಾದರೆ ಪ್ಯಾಂಟಿನ ಗುಂಡಿ ಸಡಿಲಿಸದೆ ಕೂರಲು ಆಗುವುದಿಲ್ಲ. ಕೆಲವು ದಿನ ಬೆಳಿಗ್ಗೆ ಮೇಲಿಂದ ಮೇಲೆ ಓಡಬೇಕು, ಆಮೇಲೆ ಎರಡು ದಿನ ಏನೂ ಇಲ್ಲ. ಜೊತೆಗೆ ಯಾವಾಗಲೂ ಸುಸ್ತು. ಯಾರೋ ಹೇಳಿದರೆಂದು ಗೋಧಿ ಬಿಟ್ಟು ನೋಡಿದೆ. ಭೇದಿ ನಿಂತಿತು, ತಲೆಭಾರ ಇಳಿಯಿತು. ಆದರೆ ಹೊಟ್ಟೆ ಉಬ್ಬರ ಪೂರ್ತಿ ಹೋಗಲಿಲ್ಲ. ಒಂದೊಂದು ದಿನ ಗೋಧಿಯ ವಾಸನೆಯೂ ಸೋಕಿರುವುದಿಲ್ಲ, ಆದರೂ ಹೊಟ್ಟೆ ಡೋಲಿನ ಹಾಗೆ.

ಈಗ ಹೊಸ ಡಾಕ್ಟರ ಹತ್ತಿರ ಹೋದೆ. "ಗೋಧಿ ಬಿಟ್ಟಿರುವಾಗ ಸೀಲಿಯಾಕ್ ಕಾಯಿಲೆಯ ಟೆಸ್ಟ್ ಮಾಡಿ ಪ್ರಯೋಜನ ಇಲ್ಲ, ಕೆಲವು ವಾರ ಮತ್ತೆ ತಿಂದು ಬನ್ನಿ" ಎಂದರು. ಕೇಳಿಯೇ ಹೊಟ್ಟೆ ತೊಳೆಸಿತು. ಇಷ್ಟು ಕಷ್ಟಪಟ್ಟು ಬಿಟ್ಟಿದ್ದನ್ನು ಮತ್ತೆ ತಿನ್ನಬೇಕಾ? ಟೆಸ್ಟ್ ಇಲ್ಲದೆ ಹೀಗೇ ಇದ್ದುಬಿಟ್ಟರೆ ಏನಾಗುತ್ತದೆ? ಗೊತ್ತಿದ್ದವರು ಹೇಳಿ.

ಲ್ಯಾಬ್‌ಕೋಟು
ನಿಮ್ಮ ಡಾಕ್ಟರು ಹೇಳಿದ್ದು ಸರಿ. ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಯಂತ್ರ ಏನನ್ನು ನೋಡುತ್ತದೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಸೀಲಿಯಾಕ್ ಕಾಯಿಲೆಗೆ ಮೊದಲು ಮಾಡುವುದು ಟಿಟಿಜಿ ಐಜಿಎ ಎಂಬ ಟೆಸ್ಟ್. ಸೀಲಿಯಾಕ್ ಇದ್ದವರು ಗ್ಲುಟನ್, ಅಂದರೆ ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಪ್ರೋಟೀನ್, ತಿಂದಾಗ ದೇಹವೇ ತನ್ನ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಆ ದಾಳಿಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು ನಾವು ಅಳೆಯುತ್ತೇವೆ. ತಿನ್ನುವುದು ನಿಲ್ಲಿಸಿದರೆ ಅವೂ ನಿಧಾನಕ್ಕೆ ಇಳಿಯುತ್ತವೆ. ಆಗ ರಿಪೋರ್ಟ್ ನೆಗೆಟಿವ್ ಬರುತ್ತದೆ, ಕಾಯಿಲೆ ಒಳಗೆ ಇದ್ದೇ ಇರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಟೆಸ್ಟ್‌ಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟನ್ ಇರಬೇಕು.

ಇನ್ನೊಂದು ವಿಷಯ. ಟಿಟಿಜಿ ಜೊತೆಗೆ "ಟೋಟಲ್ ಐಜಿಎ" ಕೂಡ ಬರೆಸಿಕೊಳ್ಳಿ. ಕೆಲವರ ದೇಹದಲ್ಲಿ ಐಜಿಎ ಎಂಬ ಬಗೆಯ ಪ್ರತಿಕಾಯವೇ ಹುಟ್ಟಿನಿಂದ ಕಡಿಮೆ. ಅವರಿಗೆ ಕಾಯಿಲೆ ಜೋರಾಗಿದ್ದರೂ ಈ ಟೆಸ್ಟ್ ಸುಮ್ನೆ ನಾರ್ಮಲ್ ತೋರಿಸುತ್ತದೆ. ಚೀಟಿಯಲ್ಲಿ ಆ ಒಂದು ಸಾಲು ಬಿಟ್ಟುಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮತ್ತೆ ತಿನ್ನಲು ನಿಜಕ್ಕೂ ಆಗದಿದ್ದರೆ ಜೀನ್ ಟೆಸ್ಟ್ ಬಗ್ಗೆ ಕೇಳಿ. ಅದರಲ್ಲಿ ನೋಡುವುದು ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಎರಡು ಜೀನ್. ಇದಕ್ಕೆ ಗೋಧಿ ತಿಂದಿರಲೇಬೇಕು ಅಂತಿಲ್ಲ. ಆದರೆ ಇದು ಒಂದೇ ದಿಕ್ಕಿನಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಇಲ್ಲ ಅಂದರೆ ಸೀಲಿಯಾಕ್ ಇಲ್ಲವೆಂದೇ ಹೆಚ್ಚುಕಮ್ಮಿ ಖಚಿತ. ಇದ್ದರೆ ಏನೂ ಸಾಬೀತಾಗುವುದಿಲ್ಲ. ಆ ಜೀನ್ ಇರುವವರು ಮೂವರಲ್ಲಿ ಒಬ್ಬರಷ್ಟು ಸಿಗುತ್ತಾರೆ, ಕಾಯಿಲೆ ಬರುವುದು ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ.

ಸುಮ್ನೆ_ಓದುವವ
ಏನೋಪ್ಪ. ಈಗ ಎಲ್ಲರಿಗೂ ಗ್ಲುಟನ್ ಆಗಲ್ಲ. ಮುಂಚೆ ಯಾರಿಗಾದರೂ ಇತ್ತಾ ಇದು? ಪ್ಯಾಕೆಟ್ ಮಾರೋರು ಹುಟ್ಟಿಸಿದ ಕಾಯಿಲೆ ಅನ್ನಿಸುತ್ತದೆ ನನಗೆ.

ಎರಡು_ಬಾಣಲೆ
@ಸುಮ್ನೆ_ಓದುವವ ಮಾರುವವರು ಇದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ, ಅದು ನಿಜ. ಹುಟ್ಟಿಸಿದ್ದು ಅವರಲ್ಲ. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ಡಾಕ್ಟರು 1888ರಲ್ಲೇ ಈ ಕಾಯಿಲೆಯ ಬಗ್ಗೆ ಬರೆದಿದ್ದಾರೆ. ಗುಣ ಆಗುವುದಿದ್ದರೆ ಆಹಾರದಿಂದಲೇ ಆಗಬೇಕು ಎಂದೂ ಹೇಳಿದ್ದರು. ಯಾವ ಆಹಾರ ಅಂತ ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ.

ಅದು ಗೊತ್ತಾಗಿದ್ದು ನೆದರ್‌ಲೆಂಡ್ಸ್‌ನಲ್ಲಿ. ಹೇಗ್ ನಗರದ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ ಅವರಿಗೆ 1930ರ ದಶಕದಲ್ಲೇ ಗೋಧಿ ಮೇಲೆ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಅಲ್ಲಿ ಬ್ರೆಡ್ ಸಿಗದ ಹಾಗಾಯಿತು. ಊರಿಗೆ ಊರೇ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. 1950ರಲ್ಲಿ ಅವರು ಇದರ ಮೇಲೆ ಪ್ರಬಂಧ ಬರೆದರು. ಅದಕ್ಕೂ ಮುಂಚೆ ಇಂಥ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಸಾಕುತ್ತಿದ್ದರಂತೆ. ಹಣ್ಣಿನಲ್ಲೇ ಏನೋ ಔಷಧಿ ಇದೆ ಅಂದುಕೊಂಡಿದ್ದರು. ಹಣ್ಣು ತಿಂದಷ್ಟು ದಿನ ಬ್ರೆಡ್ ತಿಂದಿರಲಿಲ್ಲ ಅಲ್ವಾ, ಅದು ಯಾರ ಗಮನಕ್ಕೂ ಬರಲಿಲ್ಲ.

ಸುಮ್ನೆ_ಓದುವವ
ಇದು ಗೊತ್ತಿರಲಿಲ್ಲ. ಸರಿ, ಮುಂದುವರಿಸಿ.

ಎರಡು_ಬಾಣಲೆ
@ಹೊಟ್ಟೆಕತೆ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಟೆಸ್ಟ್ ಇಲ್ಲದೆ ಹೀಗೇ ಇದ್ದರೆ ಏನು ಅಂತ ಕೇಳಿದಿರಿ. ನನಗೆ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ಬಯಾಪ್ಸಿ ಮಾಡಿ ಸೀಲಿಯಾಕ್ ಎಂದು ಹೇಳಿದ್ದಾರೆ. ಆ ಹೆಸರು ಸಿಕ್ಕ ಮೇಲೆ ಮನೆಯಲ್ಲಿ ಏನೇನು ಬದಲಾಯಿತು ಅಂತ ಹೇಳುತ್ತೇನೆ. ಹೆಸರಿಲ್ಲದೆ ಇದನ್ನೆಲ್ಲ ಜೀವನಪೂರ್ತಿ ಮಾಡಲು ನಿಮಗೆ ಮನಸ್ಸಿದೆಯಾ ನೋಡಿ.

ಜಾಮ್ ಬಾಟಲಿಯನ್ನೇ ತಗೊಳ್ಳಿ. ಮನೆಯವರು ಬ್ರೆಡ್ಡಿಗೆ ಜಾಮ್ ಸವರಿ ಅದೇ ಚಾಕುವನ್ನು ಮತ್ತೆ ಬಾಟಲಿಗೆ ಹಾಕುತ್ತಾರೆ. ಬಾಟಲಿಯ ಬಾಯಿಯ ಒಳಅಂಚನ್ನು ಬೆಳಕಿಗೆ ಹಿಡಿದು ನೋಡಿ. ಕಂದು ಬಣ್ಣದ ಚುಕ್ಕಿಗಳು ಅಂಟಿಕೊಂಡಿರುತ್ತವೆ. ಅದೇ ಬ್ರೆಡ್ಡಿನ ಪುಡಿ. ಬೆಣ್ಣೆ ಡಬ್ಬಿಯಲ್ಲೂ ಇರುತ್ತದೆ. ಈಗ ನನ್ನ ಬಾಟಲಿಗಳ ಮುಚ್ಚಳಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ಅದಕ್ಕೆ ಬೇರೆಯವರ ಚಾಕು ತಾಗುವ ಹಾಗಿಲ್ಲ. ಮರದ ಸೌಟು, ಮರದ ಹಲಗೆ, ಜರಡಿ, ಟೋಸ್ಟರ್ ಎಲ್ಲ ನನ್ನದು ಬೇರೆ. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿ ತೊಳೆದರೆ ಸಾಕು. ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಪಾಸ್ತಾ ಬೇಯಿಸಿದ ನೀರಿನಲ್ಲೇ ನನ್ನ ಪಾಸ್ತಾ ಹಾಕುವ ಹಾಗಿಲ್ಲ. ಗೋಧಿ ಹಿಟ್ಟು ಕಲಸುವಾಗ ನನ್ನ ತಟ್ಟೆ ಪಕ್ಕದಲ್ಲಿ ತೆರೆದಿರಬಾರದು. ಕಾಯಿಸಿದರೆ, ಕರಿದರೆ ಗ್ಲುಟನ್ ಸಾಯುತ್ತದೆ ಅನ್ನುವವರೂ ಇದ್ದಾರೆ. ಅದು ಕ್ರಿಮಿ ಅಲ್ಲ ಕಣ್ರೀ, ಪ್ರೋಟೀನ್. ಬಿಸಿಗೆ ಎಲ್ಲೂ ಹೋಗುವುದಿಲ್ಲ.

ಇಷ್ಟೊಂದು ಯಾಕೆ ಅಂದರೆ ಲೆಕ್ಕ ಹೀಗಿದೆ. ಗ್ಲುಟನ್-ಫ್ರೀ ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ದಾಟಬಾರದು, ಇದು ಅಂತರರಾಷ್ಟ್ರೀಯ ಕೋಡೆಕ್ಸ್ ನಿಯಮ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಸುಮಾರು 2 ಗ್ರಾಂ ಗ್ಲುಟನ್ ಇರುತ್ತದೆ. ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಲಿಯಾಕ್ ಇದ್ದವರಿಗೆ ದಿನಕ್ಕೆ ಬರೀ 50 ಮಿಲಿಗ್ರಾಂ ಕೊಟ್ಟರು. 90 ದಿನದಲ್ಲಿ ಕರುಳಿನ ಒಳಪದರ ಸವೆದಿದ್ದು ಕಂಡಿತು. 50 ಮಿಲಿಗ್ರಾಂ ಅಂದರೆ ಆ ಸ್ಲೈಸಿನ ನಲವತ್ತರಲ್ಲಿ ಒಂದು ಪಾಲು. "ಒಂದು ಚೂರು ತಿಂದರೆ ಏನಾಗುತ್ತೆ" ಅಂತ ಪ್ರೀತಿಯಿಂದ ಬಡಿಸುವವರಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ಈ ಕಾಯಿಲೆಯ ದೊಡ್ಡ ಕಷ್ಟ.

ಡೈರಿ_ಬರೆಯೋಳು
ನನ್ನ ಕಥೆ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಗೋಧಿ ಬಿಟ್ಟರೆ ಅರ್ಧ ಸರಿಹೋಗುತ್ತಿತ್ತು, @ಹೊಟ್ಟೆಕತೆ ಅವರ ಹಾಗೇ. ಸೀಲಿಯಾಕ್ ಟೆಸ್ಟ್ ನೆಗೆಟಿವ್, ಅದೂ ಗೋಧಿ ತಿನ್ನುತ್ತಿದ್ದಾಗಲೇ ಮಾಡಿಸಿದ್ದು. ಕೊನೆಗೆ ಗೊತ್ತಾಗಿದ್ದು ಗೋಧಿಯಲ್ಲಿರುವ ಫ್ರಕ್ಟಾನ್ ಆಗಿಬರುವುದಿಲ್ಲ ಅಂತ. ಅದು ಪ್ರೋಟೀನ್ ಅಲ್ಲ, ಒಂದು ಬಗೆಯ ಕಾರ್ಬೋಹೈಡ್ರೇಟ್. ಮನುಷ್ಯರ ಸಣ್ಣ ಕರುಳಿಗೆ ಅದನ್ನು ಒಡೆಯಲು ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ, ಅಲ್ಲಿ ಬ್ಯಾಕ್ಟೀರಿಯಾಗಳು ಹುಳಿ ಬರಿಸಿ ಗ್ಯಾಸ್ ಮಾಡುತ್ತವೆ. ಕೆಲವರ ಕರುಳು ಸೂಕ್ಷ್ಮ, ಅವರಿಗೆ ಅಷ್ಟಕ್ಕೇ ನೋವು. ಈಗ ಕೇಳಿ: ಇದೇ ಫ್ರಕ್ಟಾನ್ ಈರುಳ್ಳಿಯಲ್ಲಿದೆ, ಬೆಳ್ಳುಳ್ಳಿಯಲ್ಲಿ ಇನ್ನೂ ಜಾಸ್ತಿ ಇದೆ. ಗೋಧಿ ಬಿಟ್ಟು ಈರುಳ್ಳಿ ಧಾರಾಳವಾಗಿ ತಿಂದರೆ ಅರ್ಧ ತಾನೇ ಸರಿಹೋಗುವುದು?

ಓಸ್ಲೋ ವಿಶ್ವವಿದ್ಯಾಲಯ ಆಸ್ಪತ್ರೆಯವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ತುಂಬ ಇಷ್ಟ. ತಮಗೆ ಗ್ಲುಟನ್ ಆಗುವುದಿಲ್ಲ ಅಂದುಕೊಂಡಿದ್ದ, ಸೀಲಿಯಾಕ್ ಇಲ್ಲದ 59 ಜನರಿಗೆ ಮೂರು ಬಗೆಯ ಬಾರ್ ಕೊಟ್ಟರು. ಒಂದರಲ್ಲಿ ಗ್ಲುಟನ್, ಒಂದರಲ್ಲಿ ಫ್ರಕ್ಟಾನ್, ಇನ್ನೊಂದರಲ್ಲಿ ಎರಡೂ ಇಲ್ಲ. ಯಾವುದು ಯಾವುದೆಂದು ತಿನ್ನುವವರಿಗೆ ಗೊತ್ತಿಲ್ಲ. 24 ಜನರಿಗೆ ಫ್ರಕ್ಟಾನ್ ಬಾರ್ ತಿಂದ ವಾರ ಎಲ್ಲಕ್ಕಿಂತ ಕೆಟ್ಟದಾಗಿತ್ತು, 13 ಜನರಿಗೆ ಗ್ಲುಟನ್ ವಾರ. ಉಳಿದ 22 ಜನರಿಗೆ ಏನೂ ಇಲ್ಲದ ಬಾರೇ ಜಾಸ್ತಿ ತೊಂದರೆ ಕೊಟ್ಟಿತು! ನಗಬೇಡಿ, ಅವರ ನೋವು ಸುಳ್ಳಲ್ಲ. "ಇವತ್ತು ಏನಾಗುತ್ತದೋ" ಎಂದು ಕಾಯುವ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ನನಗೂ ಆಗಿದೆ.

ಹಾಗಾಗಿ ಚಾಕುವಿನ ಪುಡಿ, ಕೆಂಪು ಟೇಪ್ ಇದೆಲ್ಲ ನನಗೆ ಬೇಕಾಗಿಲ್ಲ. ಅರ್ಧ ಬಿಸ್ಕತ್ತು ತಿಂದರೂ ಏನೂ ಆಗುವುದಿಲ್ಲ. ಪ್ರಮಾಣ ಜಾಸ್ತಿಯಾದರೆ ಮಾತ್ರ ತೊಂದರೆ.

ಎರಡು_ಬಾಣಲೆ
@ಡೈರಿ_ಬರೆಯೋಳು ನಿಮಗೆ ಬೇಕಾಗಿಲ್ಲ, ಒಪ್ಪಿದೆ. ಆದರೆ ಇದನ್ನು ಓದಿ ಟೆಸ್ಟ್ ಮಾಡಿಸದ ಸೀಲಿಯಾಕ್‌ನವರು ಯಾರಾದರೂ "ಅರ್ಧ ಬಿಸ್ಕತ್ತು ಪರವಾಗಿಲ್ಲ" ಅಂದುಕೊಂಡರೆ? ನನಗೂ ಚೂರುಪಾರು ತಿಂದರೆ ಹೊಟ್ಟೆನೋವು ಬರುವುದಿಲ್ಲ. ಒಳಗೆ ಕರುಳು ಮಾತ್ರ ಹಾಳಾಗುತ್ತಿರುತ್ತದೆ. ಹೊಟ್ಟೆಯ ಮಾತು ಕೇಳಿ ಕರುಳಿನ ಸ್ಥಿತಿ ಹೇಳಲು ಆಗುವುದಿಲ್ಲ.

ಡೈರಿ_ಬರೆಯೋಳು
ಅದಕ್ಕೇ ಮೊದಲು ಟೆಸ್ಟ್ ಅನ್ನುವುದು. ನಾವಿಬ್ಬರೂ ಹೇಳುತ್ತಿರುವುದು ಒಂದೇ ಅಲ್ವಾ? ಎರಡು ಕಾಯಿಲೆ, ಎರಡು ಬಗೆಯ ಪಥ್ಯ. ಯಾವುದು ನಮ್ಮದು ಅಂತ ತಿಳಿಯುವ ಮುಂಚೆ ಯಾವ ಪಥ್ಯವೂ ಅರ್ಧಂಬರ್ಧವೇ.

ಮಗನ_ಡಬ್ಬಿ
ನನ್ನ ಮಗನಿಗೆ ಸೀಲಿಯಾಕ್. ಅವನಿಗೆ ಭೇದಿ ಗೀದಿ ಏನೂ ಇರಲಿಲ್ಲ. ಎತ್ತರ ಬೆಳೆಯುವುದು ನಿಂತಿತ್ತು, ಎಷ್ಟು ಟಾನಿಕ್ ಕೊಟ್ಟರೂ ರಕ್ತಹೀನತೆ ಹೋಗುತ್ತಿರಲಿಲ್ಲ. ಟಿಟಿಜಿ ಮಿತಿಗಿಂತ ಹತ್ತು ಪಟ್ಟಿಗೂ ಮೀರಿ ಬಂತು, ಎರಡನೇ ಸಲ ಅವನಿಂದ ತೆಗೆದ ರಕ್ತದಲ್ಲಿ ಮಾಡಿದ ಇನ್ನೊಂದು ಪ್ರತಿಕಾಯದ ಟೆಸ್ಟ್ ಕೂಡ ಪಾಸಿಟಿವ್. ಹೀಗಿದ್ದರೆ ಮಕ್ಕಳಿಗೆ ಎಂಡೋಸ್ಕೋಪಿ ಇಲ್ಲದೆಯೇ ಹೇಳಬಹುದಂತೆ. ನಮಗೆ ಅದು ತಪ್ಪಿತು.

ಆಮೇಲೆ ಮನೆಯವರೆಲ್ಲ ರಕ್ತ ಕೊಟ್ಟೆವು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಉಳಿದವರಿಗೂ ಸುಮಾರು ಹತ್ತರಲ್ಲಿ ಒಂದು ಸಾಧ್ಯತೆ. ಏನೂ ತೊಂದರೆ ಇಲ್ಲ ಅಂತ ಓಡಾಡಿಕೊಂಡಿದ್ದ ನನ್ನ ತಂಗಿಗೆ ಪಾಸಿಟಿವ್ ಬಂತು!

ಮಕ್ಕಳಿರುವವರಿಗೆ ಒಂದು ಮಾತು. ಊಟ ಒಂದನ್ನೇ ನೋಡಬೇಡಿ. ಆಡಲು ಕೊಡುವ ಬಣ್ಣದ ಹಿಟ್ಟಿನ ಮುದ್ದೆ ಎಷ್ಟೋ ಸಲ ಗೋಧಿಯದೇ. ಮುಟ್ಟಿದರೆ ಏನೂ ಆಗುವುದಿಲ್ಲ, ಚರ್ಮದಿಂದ ಒಳಗೆ ಹೋಗುವುದಿಲ್ಲ. ಆದರೆ ಉಗುರಿನ ಸಂದಿಯಲ್ಲಿ ಸೇರಿಕೊಂಡು ಅದೇ ಬೆರಳು ಬಾಯಿಗೆ ಹೋಗುತ್ತದಲ್ಲ. ಶಾಲೆಯಲ್ಲಿ ಹುಟ್ಟುಹಬ್ಬದ ಕೇಕ್ ಹಂಚುವಾಗ ಮೊದಲೆಲ್ಲ ಅಳುತ್ತಿದ್ದ. ಈಗ ಅವನ ಟೀಚರ್ ಹತ್ತಿರ ಒಂದು ಡಬ್ಬಿ ಇಟ್ಟಿದ್ದೇನೆ. ಕೇಕ್ ಬಂದ ದಿನ ಅದರಿಂದ ಅವನದನ್ನು ಕೊಡುತ್ತಾರೆ. ಮೊನ್ನೆ ಪಕ್ಕದ ಹುಡುಗ ಇವನ ಡಬ್ಬಿಯದೇ ಬೇಕು ಅಂತ ಹಟ ಮಾಡಿದನಂತೆ, ಇವನಿಗೆ ಅದೇ ದೊಡ್ಡ ಖುಷಿ.

ನೀಲಿ_ಕೊಡೆ
ಗ್ಲುಟನ್ ಬಿಟ್ಟೆ, ಟೆಸ್ಟ್‌ನಲ್ಲೂ ಸೀಲಿಯಾಕ್ ಅಂತಲೇ ಬಂದಿತ್ತು. ಈಗ ಹಾಲು ಕುಡಿದರೂ ಹೊಟ್ಟೆ ಗುಡುಗುಡು. ಇದೂ ಹೊಸದಾಗಿ ಶುರುವಾಯಿತಾ?

ಲ್ಯಾಬ್‌ಕೋಟು
@ನೀಲಿ_ಕೊಡೆ ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಇರುವುದು ಕರುಳಿನ ಒಳಗಿನ ಸಣ್ಣ ಕುಚ್ಚುಗಳ ತುದಿಯಲ್ಲಿ. ಸೀಲಿಯಾಕ್‌ನಲ್ಲಿ ಮೊದಲು ಸವೆಯುವುದೂ ಆ ತುದಿಯೇ. ಕರುಳಿನ ಗಾಯ ಮಾಸಿದ ಮೇಲೆ ಬಹಳ ಜನರಿಗೆ ಹಾಲು ಮತ್ತೆ ಒಗ್ಗುತ್ತದೆ. ಸ್ವಲ್ಪ ದಿನ ಕಡಿಮೆ ಮಾಡಿ ನೋಡಿ. ದೊಡ್ಡವರಲ್ಲಿ ಕರುಳು ಪೂರ್ತಿ ಮಾಸಲು ಎರಡು ವರ್ಷವೂ ಹಿಡಿಯಬಹುದು. ಟಿಟಿಜಿ ಇಳಿದಿದೆ ಅಂದರೆ ಎಲ್ಲ ಮಾಸಿದೆ ಅಂತಲ್ಲ.

ಗಟ್ಟಿ_ಜೀರ್ಣ
ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಯಾಕೆ? ಗ್ಲುಟನ್ ಕರಗಿಸುವ ಎಂಜೈಮ್ ಮಾತ್ರೆ ಬರುತ್ತದೆ. ಊಟಕ್ಕೆ ಮುಂಚೆ ಒಂದು ನುಂಗಿ, ಬೇಕಾದ್ದು ತಿನ್ನಿ. ಬೇಕಿದ್ದವರು ನನಗೆ ಮೆಸೇಜ್ ಮಾಡಿ.

ಎರಡು_ಬಾಣಲೆ
ಬೇಡ. ಅವು ಗ್ಲುಟನ್ ಅನ್ನು ಪೂರ್ತಿ ಒಡೆಯುವುದಿಲ್ಲ. ಸೀಲಿಯಾಕ್ ಇದ್ದವರು ಅದನ್ನು ನಂಬಿ ಗೋಧಿ ತಿನ್ನುವ ಹಾಗಿಲ್ಲ. ದಯವಿಟ್ಟು ಇಲ್ಲಿ ಮಾರಬೇಡಿ.

ಪ್ಯಾಕೆಟ್_ಹಿಂಬದಿ
ಯಾರೂ ಹೇಳದ ಒಂದು ವಿಷಯ. ಗ್ಲುಟನ್ ಬಿಟ್ಟ ಮೇಲೆ ನನಗೆ ಮಲಬದ್ಧತೆ ಶುರುವಾಯಿತು, ತೂಕವೂ ಏರಿತು. ಕಾರಣ ಪ್ಯಾಕೆಟ್‌ಗಳು. ಗ್ಲುಟನ್-ಫ್ರೀ ಬ್ರೆಡ್, ಬಿಸ್ಕತ್ತು, ಕೇಕ್‌ಗಳಲ್ಲಿ ಎಷ್ಟೋ ಬರೀ ಪಿಷ್ಟ. ಅಕ್ಕಿ, ಮೆಕ್ಕೆಜೋಳ, ಆಲೂಗಡ್ಡೆ ಪಿಷ್ಟಕ್ಕೆ ರುಚಿ, ಮೆದುತನ ಬರಲಿ ಅಂತ ಜಿಡ್ಡು, ಸಕ್ಕರೆ ಸುರಿದಿರುತ್ತಾರೆ. ನಾರು ತೀರಾ ಕಡಿಮೆ. ಬೇಳೆಕಾಳು, ತರಕಾರಿ, ಹಣ್ಣು, ಸಿರಿಧಾನ್ಯ ಇವೆಲ್ಲ ಹುಟ್ಟಿನಿಂದಲೇ ಗ್ಲುಟನ್ ಇಲ್ಲದವು. ಅವುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ, ಅದಕ್ಕೇ ಮರೆತುಬಿಡುತ್ತೇವೆ. ಹಿಟ್ಟು ಕೊಳ್ಳುವಾಗ ಮಾತ್ರ ಹುಷಾರು. ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ್ದರೆ ಸೀಲಿಯಾಕ್‌ನವರಿಗೆ ಆಗುವುದಿಲ್ಲ. ಓಟ್ಸ್‌ದೂ ಇದೇ ಕಥೆ. ಗ್ಲುಟನ್-ಫ್ರೀ ಅಂತ ಬರೆದಿದ್ದನ್ನೇ ತಗೊಳ್ಳಿ. ಅದೂ ಕೆಲವೇ ಕೆಲವರಿಗೆ ಒಗ್ಗುವುದಿಲ್ಲ.

ಹಿಂಬದಿ ಓದುವಾಗ ನನ್ನ ಕಣ್ಣು ಮೊದಲು ಹುಡುಕುವುದು "ಮಾಲ್ಟ್". ಅದು ಸಾಮಾನ್ಯವಾಗಿ ಬಾರ್ಲಿಯದು. ಗೋಧಿ ಇಲ್ಲ ಅಂತ ಬರೆದ ಪ್ಯಾಕೆಟ್‌ನಲ್ಲೂ ಬಾರ್ಲಿ, ರೈ ಇರಬಹುದು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಸೂಪ್ ಪುಡಿಯಲ್ಲೂ ಎಷ್ಟೋ ಸಲ ಇರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಹೆಸರು ನೋಡಿ ಹೆದರಬೇಡಿ, ಅದು ಪರವಾಗಿಲ್ಲ.

ಕಬ್ಬಿಣ, ಬಿ12, ಫೋಲೇಟ್, ವಿಟಮಿನ್ ಡಿ ನೋಡಿಸಿಕೊಳ್ಳಿ. ಸೀಲಿಯಾಕ್ ಖಚಿತವಾಗಿದ್ದರೆ ಮೂಳೆಯ ಸಾಂದ್ರತೆಯ ಸ್ಕ್ಯಾನ್ ಬಗ್ಗೆಯೂ ಡಾಕ್ಟರನ್ನು ಕೇಳಿ.

ಹೊಟ್ಟೆಕತೆ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ವಿವರ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಆಫೀಸಿನವರ ಜೊತೆ ಹೊರಗೆ ಊಟಕ್ಕೆ ಹೋದಾಗ ಏನು ಮಾಡುತ್ತೀರಿ? ನಾನಂತೂ ಹಸಿವಿಲ್ಲ ಅಂತ ಸುಳ್ಳು ಹೇಳಿ ಕೂತಿರುತ್ತೇನೆ.

ಎರಡು_ಬಾಣಲೆ
ಮುಂಚೆಯೇ ಫೋನ್ ಮಾಡುತ್ತೇನೆ, ರಶ್ ಇಲ್ಲದ ಹೊತ್ತಿನಲ್ಲಿ. "ಗ್ಲುಟನ್ ಇದೆಯಾ" ಅಂದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ನೇರವಾಗಿ ಕೇಳಬೇಕು. ಗ್ರೇವಿ ದಪ್ಪ ಆಗಲು ಏನು ಹಾಕುತ್ತೀರಿ? ಮೈದಾನಾ, ಕಾರ್ನ್‌ಫ್ಲೋರಾ? ಇದನ್ನು ಕರಿಯುವ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಸಾಸ್ ಯಾವುದು? ಉತ್ತರ ಕೊಡಲು ಒಳಗೆ ಹೋಗಿ ಅಡುಗೆಯವರನ್ನು ಕೇಳಿ ಬಂದರೆ ನಂಬುತ್ತೇನೆ. ನಿಂತಲ್ಲೇ ನಕ್ಕು "ಏನೂ ಆಗಲ್ಲ" ಅಂದರೆ ಬರೀ ಕಾಫಿ ಕುಡಿದು ಬರುತ್ತೇನೆ.

ಡೈರಿ_ಬರೆಯೋಳು
ಸುಳ್ಳು ಯಾಕೆ, ಹೇಳಿಬಿಡಿ. ಎರಡು ಸಲ ಕೇಳಿ ಆಮೇಲೆ ಮರೆಯುತ್ತಾರೆ. ನಾವು ಅಂದುಕೊಂಡಷ್ಟು ನಮ್ಮ ತಟ್ಟೆಯನ್ನು ಯಾರೂ ನೋಡುವುದಿಲ್ಲ.

ಲ್ಯಾಬ್‌ಕೋಟು
ಒಂದು ಎಚ್ಚರಿಕೆ, ಇದನ್ನು ಓದುವ ಎಲ್ಲರಿಗೂ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ಇಂಥದ್ದೇನಾದರೂ ಇದ್ದರೆ ಆಹಾರ ಬಿಟ್ಟು ಸೇರಿಸಿ ಪ್ರಯೋಗ ಮಾಡುತ್ತಾ ಕೂರಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ. ಮತ್ತೆ, ನೂರಾರು ಆಹಾರಕ್ಕೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಟೆಸ್ಟ್ ಮಾಡಿ ಉದ್ದ ಪಟ್ಟಿ ಕೊಡುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಆ ಸಂಖ್ಯೆಗಳು ನೀವು ಏನನ್ನು ತಿಂದಿದ್ದೀರಿ ಅಂತ ತೋರಿಸಬಹುದೇ ಹೊರತು ಯಾವುದು ಆಗುವುದಿಲ್ಲ ಅಂತ ಅಲ್ಲ.

ಹೊಟ್ಟೆಕತೆ
ಒಂದು ಸುದ್ದಿ. ಡಾಕ್ಟರ ಹತ್ತಿರ ಜೀನ್ ಟೆಸ್ಟ್ ಬಗ್ಗೆ ಕೇಳಿದೆ. ಅದನ್ನೇ ಮೊದಲು ಮಾಡೋಣ ಎಂದರು. ರಿಪೋರ್ಟ್ ಬಂತು. ಡಿಕ್ಯೂ2 ಇಲ್ಲ, ಡಿಕ್ಯೂ8 ಇಲ್ಲ. ಹಾಗಾಗಿ ಸೀಲಿಯಾಕ್ ಬದಿಗಿಟ್ಟರು, ಮತ್ತೆ ಗೋಧಿ ತಿನ್ನುವ ಶಿಕ್ಷೆ ತಪ್ಪಿತು. ಕಬ್ಬಿಣ, ಥೈರಾಯ್ಡ್ ಎರಡೂ ನಾರ್ಮಲ್. ಈಗ ಡಯಟೀಷಿಯನ್ ಹತ್ತಿರ ಕಳಿಸಿದ್ದಾರೆ, ಫ್ರಕ್ಟಾನ್‌ನಂಥ ಕಾರ್ಬೋಹೈಡ್ರೇಟ್‌ಗಳನ್ನು ಬಿಟ್ಟು ನೋಡುವ ಫಾಡ್‌ಮ್ಯಾಪ್ ಪಥ್ಯದ ದಾರಿ. ಮೊದಲನೇ ಹೊಡೆತ ಈರುಳ್ಳಿ, ಬೆಳ್ಳುಳ್ಳಿಗೆ! ಇವೆರಡೂ ಇಲ್ಲದೆ ಅಡುಗೆ ಮಾಡುವುದು ಹೇಗೆ? ಜೀವನಪೂರ್ತಿ ಹೀಗೇನಾ?

ಡೈರಿ_ಬರೆಯೋಳು
ಇಲ್ಲ ಇಲ್ಲ, ಜೀವನಪೂರ್ತಿ ಅಲ್ಲ. ಈ ಪಥ್ಯವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು. ಅವರೇ ಹೇಳುವುದು, ಕಟ್ಟುನಿಟ್ಟಾಗಿ ಬಿಡುವುದು 2 ರಿಂದ 6 ವಾರ ಅಷ್ಟೇ. ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ಸೇರಿಸುತ್ತಾ ನೋಡಬೇಕು. ತುಂಬ ಜನ ಮೊದಲನೇ ಹಂತದಲ್ಲೇ ಹಾಯಾಗಿದೆ ಅಂತ ಅಲ್ಲೇ ನಿಂತುಬಿಡುತ್ತಾರೆ. ಹಾಗೆ ಮಾಡಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಅದೇ ಊಟ. ಸೇರಿಸುವಾಗ ಗೋಧಿ ಬೇರೆ, ಬೆಳ್ಳುಳ್ಳಿ ಬೇರೆ, ಈರುಳ್ಳಿ ಬೇರೆ ಮಾಡಿ ನೋಡಿ. ನನಗೆ ಗೋಧಿ ಸ್ವಲ್ಪ ಒಗ್ಗಿತು, ಈರುಳ್ಳಿ ಒಗ್ಗಲೇ ಇಲ್ಲ. ಡೈರಿಯಲ್ಲಿ ತಿಂದದ್ದರ ಜೊತೆ ನಿದ್ದೆ, ಟೆನ್ಷನ್, ಹೆಂಗಸರಾದರೆ ಮುಟ್ಟಿನ ದಿನಗಳನ್ನೂ ಬರೆಯಿರಿ. ಎಷ್ಟೋ ಸಲ ಊಟದ ತಲೆ ಮೇಲೆ ಸುಮ್ನೆ ತಪ್ಪು ಹಾಕಿರುತ್ತೇವೆ.

ರುಚಿಗೆ ಒಂದು ಉಪಾಯ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿ ಎಸಳನ್ನು ಇಡಿಯಾಗಿ ಎಣ್ಣೆಯಲ್ಲಿ ಹುರಿದು, ಘಮ ಬಿಟ್ಟ ಮೇಲೆ ತೆಗೆದುಬಿಡಿ. ಆ ಎಣ್ಣೆಯಲ್ಲಿ ಅಡುಗೆ ಮಾಡಿ. ಸಾರಿಗೆ, ಸೂಪ್‌ಗೆ ಎಸಳು ಹಾಕಿ ಕುದಿಸಿ ತೆಗೆದರೆ ಆಗುವುದಿಲ್ಲ, ಅಷ್ಟೊತ್ತಿಗೆ ಫ್ರಕ್ಟಾನ್ ನೀರಿಗೆ ಇಳಿದಿರುತ್ತದೆ.

ಹೊಟ್ಟೆಕತೆ
ಆ ಎಣ್ಣೆ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಾ?

ಡೈರಿ_ಬರೆಯೋಳು
ಹೊರಗೆ ಇಡಲೇಬೇಡಿ. ಎಣ್ಣೆಯೊಳಗೆ ಗಾಳಿ ಸಿಗದೆ ಬಾಟುಲಿಸಂ ಬರಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದು ಪ್ರಾಣಕ್ಕೇ ಅಪಾಯ. ಆ ಹೊತ್ತಿನ ಅಡುಗೆಗೆ ಬೇಕಾದಷ್ಟನ್ನು ಅವತ್ತೇ ಮಾಡಿಕೊಳ್ಳಿ. ಈರುಳ್ಳಿ ಬದಲಿಗೆ ಈರುಳ್ಳಿ ಸೊಪ್ಪಿನ ಹಸಿರು ಭಾಗ ಹಾಕಿ. ಬುಡದ ಬಿಳಿ ಗಡ್ಡೆ ಬೇಡ.